ಅಟ್ಟದ ಪೆಟ್ಟಿಗೆ, ಫ್ರೆಂಚರು ಹಿಡಿದ ಹಡಗು ಮತ್ತು 1,800 ಡಾಲರ್ ಮುಂಗಡ

ಪ್ರಶ್ನೆ: ಸರ್, ನಾನು ಶಿರಸಿ ಕಡೆಯವಳು. ಮದುವೆಯಾಗಿ ಹದಿನಾಲ್ಕು ವರ್ಷದಿಂದ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದೇನೆ. ನನ್ನ ಗಂಡ ಅಲ್ಲಿಯವರೇ. ಅತ್ತೆಯ ತವರು ಸೇಲಂ ಊರಿನ ಹಳೇ ಹಡಗು ವ್ಯಾಪಾರಿಗಳ ಮನೆ. ಹೋದ ವರ್ಷ ಆ ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಅದರಲ್ಲಿ ಮೂರು ಕಾಗದ ಇದ್ದವು. ಒಂದು, 1797ರಲ್ಲಿ ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದ ಹತ್ತಿರ ಫ್ರೆಂಚರು ಹಿಡಿದುಕೊಂಡು ಹೋದ ಹಡಗಿನ ಬಗ್ಗೆ ಅದರ ಕ್ಯಾಪ್ಟನ್ ನೋಟರಿ ಮುಂದೆ ಕೊಟ್ಟ ಹೇಳಿಕೆ. ಎರಡು, ಅದೇ ಹಡಗಿನ ವಿಮೆ ಪಾಲಿಸಿ. ಮೂರು, 1886ರಲ್ಲಿ ವಾಷಿಂಗ್ಟನ್ ವಕೀಲರೊಬ್ಬರು ಬರೆದ ಪತ್ರ. ಈಗ ಯಾರೋ ಅತ್ತೆಗೆ ಫೋನ್ ಮಾಡಿ, "ಈ ಹಣ ಇನ್ನೂ ಬಾಕಿ ಇದೆ, ಬಡ್ಡಿ ಸೇರಿದರೆ ಕೋಟಿಗಟ್ಟಲೆ ಆಗುತ್ತದೆ, ಮೂಲ ಕಾಗದ ಮತ್ತು 1,800 ಡಾಲರ್ ಮುಂಗಡ ಕೊಡಿ, ಬಂದದ್ದರಲ್ಲಿ ನಮಗೆ ಮೂರನೇ ಒಂದು ಪಾಲು" ಅಂದಿದ್ದಾರೆ. 2014ರಲ್ಲಿ ಚೀನಾದ ಒಂದು ಕುಟುಂಬಕ್ಕೆ 1936ರ ಹಡಗಿನ ಹಣ ಸಿಕ್ಕಿತು ಅಂತಲೂ ಹೇಳಿದರಂತೆ. ಅತ್ತೆ ಪೂರ್ತಿ ನಂಬಿದ್ದಾರೆ. ಗಂಡ ಸುಮ್ನೆ ನಗುತ್ತಾರೆ. ಫ್ರಾನ್ಸ್ ನಿಜವಾಗಿಯೂ ದುಡ್ಡು ಕೊಡಲಿಲ್ವಾ? ಈಗ ಕೇಳಬಹುದಾ?

ಉತ್ತರ: ಮೊದಲು ಅತ್ತೆಯವರಿಗೆ ಒಂದು ಮಾತು ಹೇಳಿಬಿಡಿ. ಆ 1,800 ಡಾಲರ್ ಕಳಿಸುವುದು ಬೇಡ. ಪೆಟ್ಟಿಗೆಯನ್ನಂತೂ ಯಾರ ಕೈಗೂ ಕೊಡುವುದು ಬೇಡ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಹಾಗಂತ ಅತ್ತೆ ಮೋಸಹೋದರು ಅಂತ ನಗಬೇಡಿ. ಅವರ ನಂಬಿಕೆಗೆ ಗಟ್ಟಿಯಾದ ಬುಡ ಇದೆ. ಈ ಹಣ ಬರಬೇಕಾದದ್ದೇ ಅಂತ ಅಮೆರಿಕದ ಒಂದು ನ್ಯಾಯಾಲಯವೇ 1886ರಲ್ಲಿ ಹೇಳಿತ್ತು. ಆದರೆ ಕೊಡಬೇಕಾದವರು ಫ್ರೆಂಚರಲ್ಲ, ಅಮೆರಿಕ ಸರ್ಕಾರ! ಅದು ಹೇಗೆ ಅನ್ನುವುದೇ ಈ ಕಥೆಯ ತಿರುಳು.

ಎಲ್ಲಕ್ಕಿಂತ ಮೊದಲು, ಇದು ಕಡಲ್ಗಳ್ಳತನ ಅಲ್ಲ. ಆಗ ಯುದ್ಧ ಮಾಡುವ ಸರ್ಕಾರಗಳು ಖಾಸಗಿ ಹಡಗುಗಳಿಗೆ ಲೈಸೆನ್ಸ್ ಕೊಡುತ್ತಿದ್ದವು: ಶತ್ರುವಿನ ಸರಕು ಹಿಡಿಯಿರಿ, ಲಾಭ ಹಂಚಿಕೊಳ್ಳಿ ಅಂತ. ಅಂಥ ಹಡಗಿಗೆ ಪ್ರೈವೇಟೀರ್ ಅನ್ನುತ್ತಾರೆ. ಅವರು ಹಿಡಿದ ಹಡಗನ್ನು ತಮ್ಮ ಬಂದರಿಗೆ ತಂದು ಪ್ರೈಜ್ ಕೋರ್ಟ್ ಎಂಬ ನ್ಯಾಯಾಲಯದ ಮುಂದೆ ನಿಲ್ಲಿಸಬೇಕಿತ್ತು. "ಹಿಡಿದದ್ದು ಸರಿ" ಅಂತ ಕೋರ್ಟು ಹೇಳಿದರೆ ಹಡಗೂ ಸರಕೂ ಹರಾಜಾಗುತ್ತಿತ್ತು. ಕಳ್ಳನಾಗಿದ್ದರೆ ಕಳ್ಳನನ್ನು ಹುಡುಕಬೇಕು, ಅಷ್ಟೆ. ಇಲ್ಲಿ ಹಿಡಿದವನ ಹಿಂದೆ ಒಂದು ಸರ್ಕಾರ, ಒಂದು ಕಾನೂನು, ಒಂದು ತೀರ್ಪು ನಿಂತಿತ್ತು. ಆದ್ದರಿಂದಲೇ ಜಗಳ ರಾಜತಾಂತ್ರಿಕರ ಮೇಜಿಗೆ ಹೋಯಿತು.

ಫ್ರಾನ್ಸಿಗೆ ಅಮೆರಿಕದ ಮೇಲೆ ಯಾಕೆ ಅಷ್ಟು ಸಿಟ್ಟು? 1778ರಲ್ಲಿ ಅಮೆರಿಕ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದಾಗ ಕೈ ಹಿಡಿದದ್ದು ಫ್ರಾನ್ಸ್. ಅದಕ್ಕೆ ಬದಲಾಗಿ, ಕೆರಿಬಿಯನ್ನಿನ ಫ್ರೆಂಚ್ ದ್ವೀಪಗಳನ್ನು ಕಾಯಲು ನೆರವಾಗುತ್ತೇವೆ ಅಂತ ಅಮೆರಿಕ ಒಪ್ಪಂದದಲ್ಲೇ ಬರೆದುಕೊಟ್ಟಿತ್ತು. 1793ರಲ್ಲಿ ಫ್ರಾನ್ಸಿಗೂ ಬ್ರಿಟನ್ನಿಗೂ ಯುದ್ಧ ಶುರುವಾದಾಗ ಅಮೆರಿಕದ ಅಧ್ಯಕ್ಷ ವಾಷಿಂಗ್ಟನ್ "ನಾವು ತಟಸ್ಥ" ಅಂದುಬಿಟ್ಟರು. ಮರುವರ್ಷ ಬ್ರಿಟನ್ ಜೊತೆಗೇ ಜೇ ಒಪ್ಪಂದ ಮಾಡಿಕೊಂಡರು. ಸಾಲ ಕೊಟ್ಟವನ ಎದುರಿಗೇ ಅವನ ವೈರಿಯ ಮನೆಗೆ ಊಟಕ್ಕೆ ಹೋದ ಹಾಗಾಯಿತು.

ಫ್ರಾನ್ಸ್ ಆದೇಶದ ಮೇಲೆ ಆದೇಶ ಹೊರಡಿಸಿತು. ನಿಮ್ಮ ಹಡಗಿಗೆ ತಟ್ಟಿರಬಹುದಾದದ್ದು 1797ರ ಮಾರ್ಚ್ 2ರ ಆದೇಶ. ನಾವಿಕರ ಹೆಸರಿನ ಪಟ್ಟಿ ಫ್ರೆಂಚರು ಹೇಳಿದ ನಮೂನೆಯಲ್ಲಿ ಇಲ್ಲದಿದ್ದರೆ ಅಮೆರಿಕದ ಹಡಗನ್ನು ಹಿಡಿಯಬಹುದು ಅಂತ ಅದು ಹೇಳಿತು. ಅಮೆರಿಕದ ಹಡಗುಗಳಲ್ಲಿ ಆ ನಮೂನೆಯ ಪಟ್ಟಿ ಇಟ್ಟುಕೊಳ್ಳುವ ರೂಢಿಯೇ ಇರಲಿಲ್ಲ. ನಮ್ಮ ಕರಾವಳಿಯವರಿಗೆ ಇದು ಹೊಸದಲ್ಲ. ಪೋರ್ಚುಗೀಸರು ಹದಿನಾರನೇ ಶತಮಾನದಲ್ಲೇ "ಕಾರ್ತಾಜ್ ಎಲ್ಲಿ?" ಅಂತ ಕೇಳಿ, ಆ ಪಾಸ್ ಇಲ್ಲದ ಹಡಗನ್ನು ಹಿಡಿದುಕೊಂಡು ಹೋಗುತ್ತಿದ್ದರು. 1796ರ ನಡುವಿನಿಂದ 1797ರ ಜೂನ್‌ವರೆಗೆ, ಅಂದರೆ ಒಂದು ವರ್ಷವೂ ತುಂಬುವ ಮೊದಲೇ, 316 ಹಡಗು ಹೋಗಿವೆ ಅಂತ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಪಿಕರಿಂಗ್ ಲೆಕ್ಕ ಕೊಟ್ಟರು. 1798ರ ಜನವರಿಯಲ್ಲಿ ಇನ್ನೂ ಬಿಗಿಯಾದ ಆದೇಶ ಬಂತು. ಇಂಗ್ಲೆಂಡಿನದ್ದಾಗಲಿ, ಅದರ ವಸಾಹತಿನದ್ದಾಗಲಿ, ಯಾವುದೇ ಸರಕು ಇದ್ದರೂ ಹಡಗು ಹೋಯಿತು. ಅಂದರೆ ಕಲ್ಕತ್ತೆಯ ಒಂದು ಬಟ್ಟೆ ಗಂಟು ಸಾಕಿತ್ತು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಇದೇ ಪ್ರೈವೇಟೀರ್ ಕಸುಬಿನ ಒಬ್ಬ ಫ್ರೆಂಚ್ ಕ್ಯಾಪ್ಟನ್, ಹೆಸರು ರಿಪೋ, ಇದೇ 1797ರಲ್ಲಿ ಜಖಂ ಆದ ಹಡಗು ತಗೊಂಡು ಮಂಗಳೂರಿಗೆ ಬಂದಿದ್ದ. ತಾನು ಫ್ರಾನ್ಸಿನ ಪ್ರತಿನಿಧಿ ಅಂತ ಹೇಳಿಕೊಂಡ. ಟಿಪ್ಪು ಅವನನ್ನು ನಂಬಿ ಮಾರಿಷಸ್‌ಗೆ ರಾಯಭಾರಿಗಳನ್ನು ಕಳಿಸಿದ. ಅದೇ ನೆಪವಾಗಿ ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿ 1799ರ ಯುದ್ಧಕ್ಕೆ ಹೊರಟ. ನಿಮ್ಮ ಅತ್ತೆಯ ಪೂರ್ವಿಕರ ಹಡಗೂ ಶ್ರೀರಂಗಪಟ್ಟಣವೂ ಒಂದೇ ಬಿರುಗಾಳಿಯ ಎರಡು ತುದಿ.

ಈಗ ಮಾತುಕತೆಗೆ ಬರೋಣ. 1797ರಲ್ಲಿ ಅಮೆರಿಕದ ಮೂವರು ದೂತರು ಪ್ಯಾರಿಸ್‌ಗೆ ಹೋದರು. ವಿದೇಶಾಂಗ ಮಂತ್ರಿ ತಾಲೆರಾಂ ಅವರನ್ನು ಸರಿಯಾಗಿ ಭೇಟಿಯೇ ಆಗಲಿಲ್ಲ. ಅವನ ಮಧ್ಯವರ್ತಿಗಳು ಬಂದು, ಮಾತು ಶುರುವಾಗಬೇಕಾದರೆ ದೊಡ್ಡ ಸಾಲ ಬೇಕು, ಮೇಲೆ 50,000 ಪೌಂಡ್ ಲಂಚ ಬೇಕು ಅಂದರು. ಅಮೆರಿಕ ಸರ್ಕಾರ ಆ ಮಧ್ಯವರ್ತಿಗಳ ಹೆಸರಿನ ಬದಲು ಎಕ್ಸ್, ವೈ, ಝಡ್ ಅಂತ ಬರೆದು ಕಾಗದಪತ್ರ ಹೊರಗೆ ಬಿಟ್ಟಿತು. ಊರೆಲ್ಲ ಹೊತ್ತಿ ಉರಿಯಿತು. 1798ರ ಜುಲೈಯಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಹಳೆಯ ಒಪ್ಪಂದಗಳನ್ನು ರದ್ದು ಮಾಡಿತು. ಘೋಷಣೆ ಇಲ್ಲದ ಯುದ್ಧ ಸಮುದ್ರದ ಮೇಲೆ ಎರಡು ವರ್ಷ ನಡೆಯಿತು.

1800ರಲ್ಲಿ ಪ್ಯಾರಿಸ್ ಹತ್ತಿರದ ಮೊರ್ಟೆಫೊಂಟೆನ್‌ನಲ್ಲಿ ರಾಜಿ ಆಯಿತು. ಆ ರಾಜಿಯ ಎರಡನೇ ಕಲಮನ್ನು ಗಮನಿಸಿ. ಅಮೆರಿಕ ಹೇಳಿದ್ದು: ನಮ್ಮ ಹಡಗುಗಳ ಹಣ ಕೊಡಿ. ಫ್ರಾನ್ಸ್ ಹೇಳಿದ್ದು: ಹಾಗಾದರೆ 1778ರ ಮಾತು ಉಳಿಸಿಕೊಳ್ಳಿ, ಅದನ್ನು ಮುರಿದದ್ದಕ್ಕೆ ನೀವೇ ನಮಗೆ ಕೊಡಬೇಕು. ಇಬ್ಬರೂ ಬಗ್ಗಲಿಲ್ಲ. ಆದ್ದರಿಂದ ಎರಡನೇ ಕಲಮಿನಲ್ಲಿ "ಈ ಎರಡೂ ವಿಷಯ ಮುಂದೆ ನೋಡೋಣ" ಅಂತ ಬರೆದರು. ಅಮೆರಿಕದ ಸೆನೆಟ್‌ಗೆ ಇದು ಹಿಡಿಸಲಿಲ್ಲ. ಹಳೇ ಒಪ್ಪಂದದ ಭೂತ ಮತ್ತೆ ಬರುವುದು ಬೇಡ ಅಂತ ಆ ಕಲಮನ್ನೇ ಹೊಡೆದುಹಾಕಿತು. ನೆಪೋಲಿಯನ್ ಚಾಲಾಕಿ. 1801ರ ಜುಲೈ 31ರಂದು ಸಹಿ ಹಾಕುವಾಗ ಒಂದು ಸಾಲು ಸೇರಿಸಿದ: ಆ ಕಲಮು ತೆಗೆದರೆ ಅದರಲ್ಲಿದ್ದ ತಮ್ಮ ತಮ್ಮ ಬೇಡಿಕೆಗಳನ್ನು ಎರಡೂ ದೇಶಗಳು ಬಿಟ್ಟುಕೊಟ್ಟಂತೆ. ಡಿಸೆಂಬರ್‌ನಲ್ಲಿ ಸೆನೆಟ್ ಅದಕ್ಕೆ ಒಪ್ಪಿತು.

ಆ ಒಂದು ಸಾಲಿನಲ್ಲಿ ನಿಮ್ಮ ಪೆಟ್ಟಿಗೆಯ ಹಡಗು ಮುಳುಗಿತು. ಗ್ವಾಡೆಲೂಪ್‌ನಲ್ಲಿ ಮುಳುಗಿದ್ದಲ್ಲ.

ನಾನು ಮೂವತ್ತು ವರ್ಷ ಹಡಗು ಮತ್ತು ಸರಕು ವಿಮೆಯ ಕೇಸು ನಡೆಸಿದ ವಕೀಲ. ಕಕ್ಷಿದಾರರಿಗೆ ಅರ್ಥ ಮಾಡಿಸಲು ಅತಿ ಕಷ್ಟವಾದ ವಿಷಯ ಇದೇ. ನಿಮ್ಮ ನಷ್ಟವನ್ನು ಬೇರೆ ದೇಶದ ಮುಂದೆ ನಿಮ್ಮ ಸರ್ಕಾರ ಎತ್ತಿಕೊಂಡ ಮೇಲೆ, ಅಂತರರಾಷ್ಟ್ರೀಯ ಕಾನೂನಿನ ಕಣ್ಣಿನಲ್ಲಿ ಅದು ಸರ್ಕಾರದ ಹಕ್ಕು. ಅದು ಚೌಕಾಸಿ ಮಾಡಬಹುದು, ಅರ್ಧಕ್ಕೆ ಬಿಡಬಹುದು, ಪೂರ್ತಿ ಬಿಟ್ಟು ಬದಲಿಗೆ ಬೇರೇನೋ ತಗೊಳ್ಳಬಹುದು. ಅಮೆರಿಕ ಇಲ್ಲಿ ತಗೊಂಡದ್ದು ಹಳೇ ಒಪ್ಪಂದದಿಂದ ಬಿಡುಗಡೆ. ಅದಕ್ಕೆ ಕೊಟ್ಟ ಬೆಲೆ ವ್ಯಾಪಾರಿಗಳ ಹಣ. 1981ರಲ್ಲಿ ಇರಾನ್ ಜೊತೆ ರಾಜಿಯಾದಾಗಲೂ ಇದೇ ವಾದ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. ಹೀಗೆ ರಾಜಿ ಮಾಡುವುದು ಹಳೇ ರೂಢಿ ಅನ್ನಲು ಕೋರ್ಟು ಕೊಟ್ಟ ಉದಾಹರಣೆಗಳಲ್ಲಿ ಒಂದು, 1799ರಲ್ಲಿ ಡಚ್ಚರೊಂದಿಗೆ ಮುಗಿಸಿಕೊಂಡ ವಿಲ್ಮಿಂಗ್ಟನ್ ಪ್ಯಾಕೆಟ್ ಎಂಬ ಹಡಗಿನ ತಕರಾರು.

"ಫ್ರಾನ್ಸ್ ಒಂದು ಪೈಸೆಯೂ ಕೊಡಲಿಲ್ಲ" ಅನ್ನುವುದು ಹಾಗಾದರೆ ನಿಜವಾ? ಅರ್ಧ ನಿಜ. 1801ರ ಆ ತಾರೀಖು ಒಂದು ಗೆರೆ. ಗೆರೆಯ ಹಿಂದಿನ ಹಡಗುಗಳಿಗೆ ಫ್ರಾನ್ಸ್ ಹೊಣೆಯಿಂದ ತಪ್ಪಿಸಿಕೊಂಡಿತು. ಆಮೇಲೆ, 1806ರಿಂದ ನೆಪೋಲಿಯನ್, ಬ್ರಿಟನ್ ಜೊತೆಗಿನ ವ್ಯಾಪಾರ ತಡೆಯುವ ಬರ್ಲಿನ್, ಮಿಲಾನ್ ಆದೇಶಗಳ ಹೆಸರಿನಲ್ಲಿ ಹಿಡಿದ ಹಡಗುಗಳ ವಿಷಯ ಬೇರೆ. ಅವುಗಳಿಗೆ 1831ರ ಜುಲೈ 4ರ ಒಪ್ಪಂದದಲ್ಲಿ ಫ್ರಾನ್ಸ್ 2.5 ಕೋಟಿ ಫ್ರಾಂಕ್ ಕೊಡಲು ಒಪ್ಪಿತು, ಆರು ಕಂತಿನಲ್ಲಿ.

ಒಪ್ಪಿದ್ದು ಹೌದು, ಕೈ ಬಿಚ್ಚಲಿಲ್ಲ. ಮೊದಲ ಕಂತಿಗೆ ಅಮೆರಿಕದ ಖಜಾನೆ ಬರೆದ ಹುಂಡಿ ಪ್ಯಾರಿಸ್‌ನಲ್ಲಿ ಹಾಗೇ ವಾಪಸ್ ಬಂತು, ನಮ್ಮ ಚೆಕ್ ಬೌನ್ಸ್ ಇದ್ದಂತೆ. ಅದನ್ನು ಕೊಂಡಿದ್ದ ಅಮೆರಿಕದ ಬ್ಯಾಂಕು ತನ್ನ ಸರ್ಕಾರದ ಮೇಲೆಯೇ ಶೇ. 15ರಷ್ಟು ದಂಡ ಕೇಳಿತು. 1834ರಲ್ಲಿ ಫ್ರೆಂಚ್ ಸಂಸತ್ತು 176ಕ್ಕೆ 168 ಮತಗಳಿಂದ ಹಣ ಮಂಜೂರು ಮಾಡಲು ನಿರಾಕರಿಸಿತು. ಅಧ್ಯಕ್ಷ ಜಾಕ್ಸನ್ ಮೊದಲೇ ಕೋಪಿಷ್ಠ. ಫ್ರೆಂಚರ ಆಸ್ತಿ ಜಪ್ತಿ ಮಾಡಲು ಕಾನೂನು ಕೊಡಿ ಅಂತ ಕಾಂಗ್ರೆಸ್ಸನ್ನು ಕೇಳಿದರು. ಫ್ರಾನ್ಸಿಗೆ ಮರ್ಯಾದೆ ಪ್ರಶ್ನೆ ಬಂತು: ಹಣ ಕೊಡುತ್ತೇವೆ, ಆದರೆ ಮೊದಲು ಆ ಮಾತಿಗೆ ವಿವರಣೆ ಕೊಡಿ. ಜಾಕ್ಸನ್: ಕ್ಷಮೆ ಗಿಮೆ ಕೇಳುವವನಲ್ಲ. ಎರಡೂ ಕಡೆಯ ರಾಯಭಾರಿಗಳು ಗಂಟುಮೂಟೆ ಕಟ್ಟಿದರು. ಕೊನೆಗೆ ಬ್ರಿಟನ್ ನಡುವೆ ಬಂತು. 1835ರ ಕೊನೆಯಲ್ಲಿ ಜಾಕ್ಸನ್ ಕಾಂಗ್ರೆಸ್‌ಗೆ ಕಳಿಸಿದ ಸಂದೇಶದಲ್ಲಿ, ಬೆದರಿಸುವ ಅಥವಾ ಅವಮಾನಿಸುವ ಉದ್ದೇಶ ಇರಲಿಲ್ಲ ಅಂತ ಒಂದು ಮಾತು ಇತ್ತು. ಫ್ರಾನ್ಸ್ ಅದನ್ನೇ ವಿವರಣೆ ಅಂತ ತಿಳಿದುಕೊಂಡು 1836ರಲ್ಲಿ ಹಣ ಕೊಟ್ಟಿತು. ಇಬ್ಬರ ಮೀಸೆಯೂ ಮಣ್ಣಾಗಲಿಲ್ಲ.

ಈ ರೀತಿ ಡೆನ್ಮಾರ್ಕ್ 1830ರಲ್ಲಿ, ನೇಪಲ್ಸ್ 1832ರಲ್ಲಿ ಹಣ ಕೊಡಲು ಒಪ್ಪಿದವು. ಬ್ರಿಟನ್ ಅದಕ್ಕೂ ಮೊದಲೇ, ಜೇ ಒಪ್ಪಂದದ ಪಂಚಾಯಿತಿ ಮೂಲಕ, ಅಮೆರಿಕದ ವ್ಯಾಪಾರಿಗಳಿಗೆ ಒಂದು ಕೋಟಿ ಡಾಲರ್‌ಗಿಂತ ಜಾಸ್ತಿ ತೀರಿಸಿತ್ತು. ಆ ಪಂಚಾಯಿತಿಯ ಐದನೇ ಸದಸ್ಯನನ್ನು ಚೀಟಿ ಎತ್ತಿ ಆರಿಸಿದರು. ಬಂದ ಹೆಸರು ಜಾನ್ ಟ್ರಂಬುಲ್, ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಆ ಪ್ರಸಿದ್ಧ ಚಿತ್ರ ಬರೆದ ಕಲಾವಿದ. ನಿಮ್ಮ ಹಡಗನ್ನು ಬ್ರಿಟಿಷರು ಹಿಡಿದಿದ್ದರೆ ಹಣ ಆಗಲೇ ಬಂದಿರುತ್ತಿತ್ತು, ನೋಡಿ!

ಲೂಸಿಯಾನಾ ವಿಷಯವನ್ನೂ ಆ ಫೋನ್ ಮಾಡಿದವರು ತೆಗೆಯಬಹುದು. 1803ರಲ್ಲಿ ಅಮೆರಿಕ ಫ್ರಾನ್ಸಿನಿಂದ ಆ ಪ್ರದೇಶ ಕೊಂಡಾಗ 2 ಕೋಟಿ ಫ್ರಾಂಕ್‌ವರೆಗೆ ಅಮೆರಿಕನ್ನರ ಬಾಕಿಗೆ ಅಂತ ಇಟ್ಟದ್ದು ನಿಜ. ಆದರೆ ಅದು ಮುಖ್ಯವಾಗಿ ಫ್ರೆಂಚ್ ಸರ್ಕಾರಕ್ಕೆ ಸರಕು ಕೊಟ್ಟು ಹಣ ಬಾರದವರಿಗೆ, ಬಂದರಿನಲ್ಲಿ ಹಡಗು ತಡೆಹಿಡಿಸಿಕೊಂಡವರಿಗೆ. ಪ್ರೈಜ್ ಕೋರ್ಟಿನಲ್ಲಿ ಸೋತವರಿಗಲ್ಲ.

ಅಮೆರಿಕದ ಒಳಗೆ ಏನಾಯಿತು ಅನ್ನುವುದು ಬೇಸರದ ಕಥೆ. "ನಮ್ಮ ಹಣ ಕೊಟ್ಟು ನೀವು ಬಿಡುಗಡೆ ಕೊಂಡಿರಿ, ಈಗ ನೀವೇ ತೀರಿಸಿ" ಅಂತ ವ್ಯಾಪಾರಿಗಳು ಕಾಂಗ್ರೆಸ್ಸಿಗೆ ಅರ್ಜಿ ಹಾಕುತ್ತಲೇ ಇದ್ದರು. ಮಸೂದೆ ಪಾಸಾದಾಗ 1846ರಲ್ಲಿ ಅಧ್ಯಕ್ಷ ಪೋಕ್, 1855ರಲ್ಲಿ ಪಿಯರ್ಸ್ ತಡೆದರು. ಅರ್ಜಿ ಹಾಕಿದವರು ಸತ್ತರು, ಅವರ ಮಕ್ಕಳೂ ಸತ್ತರು. 1885ರ ಜನವರಿ 20ರಂದು ಕೊನೆಗೂ ಕಾನೂನು ಬಂತು. ಕೋರ್ಟ್ ಆಫ್ ಕ್ಲೇಮ್ಸ್ ಎಂಬ ನ್ಯಾಯಾಲಯಕ್ಕೆ ಎರಡು ವರ್ಷದೊಳಗೆ ಅರ್ಜಿ ಕೊಡಿ, ಅದು ಪರಿಶೀಲಿಸಿ ಕಾಂಗ್ರೆಸ್ಸಿಗೆ ವರದಿ ಮಾಡುತ್ತದೆ ಅಂತ. 1886ರಲ್ಲಿ ಗ್ರೇ ಅವರ ಕೇಸಿನಲ್ಲಿ ಆ ಕೋರ್ಟು ಸರ್ಕಾರದ ಹೊಣೆಯನ್ನು ಎತ್ತಿಹಿಡಿಯಿತು. ನಿಮ್ಮ ಪೆಟ್ಟಿಗೆಯ ವಕೀಲರ ಪತ್ರ ಅದೇ ವರ್ಷದ್ದು. ಬಹುಶಃ "ಬೇಗ ಕಾಗದ ಕಳಿಸಿ, ಗಡುವು ಹತ್ತಿರ ಬಂತು" ಅಂತಲೇ ಇರಬೇಕು.

ಕೋರ್ಟಿನ ವರದಿ ಬರೀ ಸಲಹೆ. ಹಣ ಕೊಡುವುದು ಬಿಡುವುದು ಕಾಂಗ್ರೆಸ್ಸಿಗೆ ಬಿಟ್ಟದ್ದು. ಅದು 1891, 1899, 1902, 1905ರಲ್ಲಿ ಕಂತು ಕಂತಾಗಿ ಕೊಟ್ಟಿತು. ಎಲ್ಲ ಸೇರಿದರೂ 40 ಲಕ್ಷ ಡಾಲರ್ ಆಗಲಿಲ್ಲ. 1896ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಗಂಟು ಹಾಕಿತು. ಇದು ಹಕ್ಕಿನ ಹಣ ಅಲ್ಲ, ಕಾಂಗ್ರೆಸ್ ದಯೆಯಿಂದ ಕೊಡುತ್ತಿರುವುದು. ಹಡಗಿನ ಮೂಲ ಮಾಲೀಕರಿಗೆ ಸಾಲ ಕೊಟ್ಟಿದ್ದವರಿಗಲ್ಲ, ಅವರ ರಕ್ತಸಂಬಂಧಿಗಳಿಗೆ ಹೋಗಬೇಕು ಅಂದಿತು. ನಾಲ್ಕು ತಲೆಮಾರು ಆದ ಮೇಲೆ ರಕ್ತಸಂಬಂಧಿಗಳು ಎಷ್ಟು ಜನ ಇರುತ್ತಾರೆ ಅಂತ ನೀವೇ ಯೋಚಿಸಿ. ನಮ್ಮಲ್ಲಿ ಅಡಿಕೆ ತೋಟ ಪಾಲಾದ ಹಾಗೆ.

ಬಡ್ಡಿ? ಅದನ್ನು ಮರೆತುಬಿಡಿ. ಕಾನೂನಿನಲ್ಲಿ ಬರೆದಿರದಿದ್ದರೆ ಅಮೆರಿಕ ಸರ್ಕಾರದ ಮೇಲೆ ಬಡ್ಡಿ ಓಡುವುದಿಲ್ಲ. "ಕೋಟಿಗಟ್ಟಲೆ" ಅನ್ನುವ ಲೆಕ್ಕ ಇರುವುದು ಆ ಫೋನಿನವರ ಕ್ಯಾಲ್ಕುಲೇಟರಿನಲ್ಲಿ ಮಾತ್ರ.

ಚೀನಾದ ಕೇಸು ನಿಜವೇ. 1936ರಲ್ಲಿ ಶಾಂಘೈಯ ಒಂದು ಕಂಪನಿ ಎರಡು ಹಡಗುಗಳನ್ನು ಜಪಾನಿನ ಕಂಪನಿಗೆ ಬಾಡಿಗೆಗೆ ಕೊಟ್ಟಿತ್ತು. ಜಪಾನಿನ ನೌಕಾಪಡೆ ಅವನ್ನು ವಶಕ್ಕೆ ತಗೊಂಡಿತು, ಅವು ವಾಪಸ್ ಬರಲಿಲ್ಲ. 2014ರ ಏಪ್ರಿಲ್‌ನಲ್ಲಿ ಶಾಂಘೈ ಕೋರ್ಟು, ಆ ಜಪಾನಿ ಕಂಪನಿಯ ಈಗಿನ ವಾರಸುದಾರನಾದ ಮಿತ್ಸುಯಿ ಹಡಗು ಕಂಪನಿಯ ಅದಿರು ಹಡಗನ್ನು ಹಿಡಿದು ನಿಲ್ಲಿಸಿತು. ಕಂಪನಿ ಹಣ ಕಟ್ಟಿ ಬಿಡಿಸಿಕೊಂಡಿತು. ಆದರೆ ಅಲ್ಲಿ ದಾವೆ ಇದ್ದದ್ದು ಕಂಪನಿ ಮೇಲೆ, ಬಾಡಿಗೆ ಕರಾರಿನ ಮೇಲೆ. ಸರ್ಕಾರದ ಮೇಲಲ್ಲ. ಕೇಸು ಹಾಕಿದ್ದೂ 1988ರಲ್ಲಿ, ಗಡುವು ಮೀರುವ ಮೊದಲು. ನಿಮ್ಮ ಹಡಗಿನ ವಿಷಯದಲ್ಲಿ ಈ ಎರಡೂ ಇಲ್ಲ.

ಹಾಗಾದರೆ ನಿಮ್ಮ ಮುಂದೆ ಏನಿದೆ? 1887ರ ಜನವರಿ 20ರೊಳಗೆ ಅರ್ಜಿ ಹೋಗಿರದಿದ್ದರೆ ವಿಷಯ ಅಲ್ಲಿಗೇ ಮುಗಿಯಿತು. ಆ ಗಡುವು ತಪ್ಪಿದವರಿಗೆ ಬಾಗಿಲು ಶಾಶ್ವತವಾಗಿ ಮುಚ್ಚಿದೆ ಅಂತ ಕಾನೂನೇ ಹೇಳಿದೆ. ಅರ್ಜಿ ಹೋಗಿ, ಹಣವೂ ಬಂದಿದ್ದರೆ ಯಾವುದೋ ಮುತ್ತಜ್ಜಿಯ ಕೈಯಲ್ಲಿ ಅದು ಖರ್ಚಾಗಿದೆ. ಅರ್ಜಿ ಹೋಗಿ, ವರದಿ ಅನುಕೂಲವಾಗಿ ಬಂದು, ಹಣ ಮಾತ್ರ ಬಾರದವರೂ ಇದ್ದರು. ನೀವು ಆ ಗುಂಪಿನವರಾಗಿದ್ದರೆ ಇರುವ ದಾರಿ ಕಾಂಗ್ರೆಸ್ ಹೊಸದಾಗಿ ಕಾನೂನು ಮಾಡುವುದೊಂದೇ. ಅದಕ್ಕೆ ಯಾವ ಏಜೆಂಟರೂ ಬೇಡ, ನಿಮ್ಮ ಕ್ಷೇತ್ರದ ಪ್ರತಿನಿಧಿಗೆ ಪತ್ರ ಬರೆಯಲು ಕಾಸು ಖರ್ಚಿಲ್ಲ. ಆಸೆ ಮಾತ್ರ ಇಟ್ಟುಕೊಳ್ಳಬೇಡಿ. ಫ್ರಾನ್ಸಿನ ಮೇಲೆ ಕೇಸು? ಆ ಬೇಡಿಕೆ ಇಲ್ಲವೆಂದು ನಿಮ್ಮ ಸರ್ಕಾರವೇ ಬರೆದುಕೊಟ್ಟಿದೆ. ವಕೀಲರ ಫೀಸು ಮಾತ್ರ ನಿಜವಾಗಿ ಹೋಗುತ್ತದೆ.

ಅದರ ಜೊತೆಗೆ ಆ ವಿಮೆ ಪಾಲಿಸಿ. ಒಮ್ಮೆ ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಹೊರಟ ಮಂಜಿ ಎಂಬ ಸರಕು ದೋಣಿಯಲ್ಲಿ ಸರಕು ಕಳೆದುಕೊಂಡ ವ್ಯಾಪಾರಿಯೊಬ್ಬರು ನನ್ನ ಹತ್ತಿರ ಬಂದರು. ವಿಮೆ ಹಣ ತಗೊಂಡು ಎರಡು ವರ್ಷ ಆಗಿತ್ತು. ಈಗ ಡಿಕ್ಕಿ ಹೊಡೆದ ಹಡಗಿನವರಿಂದಲೂ ವಸೂಲು ಮಾಡಬೇಕು ಅಂದರು. ವಿಮೆಯವರ ಹಣದ ಜೊತೆಗೇ ಅವರು ಸಹಿ ಹಾಕಿದ್ದ ಸಬ್ರೊಗೇಷನ್ ಪತ್ರ ತೋರಿಸಬೇಕಾಯಿತು. ನಷ್ಟ ತುಂಬಿಕೊಟ್ಟವರಿಗೆ ವಸೂಲಿಯ ಹಕ್ಕು ಹೋಗುತ್ತದೆ. 1797ರಲ್ಲೂ ಹೀಗೆಯೇ. ಪಾಲಿಸಿಯ ಹಿಂಬದಿ ನೋಡಿ. "ಪೂರ್ತಿ ಸಂದಾಯ" ಅನ್ನುವ ಅರ್ಥದ ಬರಹ, ಸಹಿ ಇದ್ದರೆ ನಷ್ಟ ಅನುಭವಿಸಿದವರು ನಿಮ್ಮವರಲ್ಲ, ವಿಮೆ ಬರೆದವರು.

ಕೋರ್ಟ್ ಆಫ್ ಕ್ಲೇಮ್ಸ್‌ನ ಹಳೇ ಕಡತಗಳು ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಹಡಗಿನ ಹೆಸರು, ಕ್ಯಾಪ್ಟನ್ ಹೆಸರು, ವರ್ಷ ಬರೆದು ಅವರನ್ನು ಕೇಳಿ. ಪ್ರತಿ ತೆಗೆಸುವ ಖರ್ಚು ಬಿಟ್ಟರೆ ಇನ್ನೇನೂ ಇಲ್ಲ. ಮೂಲ ಕಾಗದಗಳನ್ನು ಟೇಪ್ ಹಚ್ಚಿ ಜೋಡಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಮುಂದೆ ಕೊಡುವ ಮನಸ್ಸಾದರೆ ಸೇಲಂನ ಹಡಗು ದಾಖಲೆ ಕಾಪಾಡುವ ಗ್ರಂಥಾಲಯಗಳು ನಿಮ್ಮ ಭಾಗದಲ್ಲೇ ಇವೆ. ಕೊಡುವಾಗ ರಸೀದಿ ತಗೊಳ್ಳಿ. ನನ್ನ ಅನುಮಾನ ಹೇಳಬೇಕಾದರೆ, ಆ ಫೋನಿನವರ ಕಣ್ಣು ಕ್ಲೇಮಿನ ಮೇಲಲ್ಲ, ಪೆಟ್ಟಿಗೆಯ ಮೇಲೆ. ಅಂಥ ಹಳೇ ಕಾಗದ ಕೊಳ್ಳುವವರು ಇದ್ದಾರೆ.

ಇನ್ನೊಂದು ಕೆಲಸ ಮಾಡಿ. ಕ್ಯಾಪ್ಟನ್ ಕೊಟ್ಟ ಆ ಹೇಳಿಕೆಗೆ ನಮ್ಮ ಬಂದರಿನಲ್ಲಿ ಇವತ್ತಿಗೂ "ಪ್ರೊಟೆಸ್ಟ್" ಅನ್ನುತ್ತಾರೆ, ಬರೆಯುವ ರೀತಿಯೂ ಹೆಚ್ಚು ಬದಲಾಗಿಲ್ಲ. ಅದರಲ್ಲಿ ಹಡಗು ಹಿಡಿದ ತಾರೀಖು ಮಾರ್ಚ್ 2ಕ್ಕಿಂತ ಮುಂಚೆಯದಾ, ಆಮೇಲಿನದಾ ಅಂತ ನೋಡಿ. ಏನು ಕಾರಣ ಹೇಳಿ ಹಿಡಿದರು ಅನ್ನುವ ಸಾಲನ್ನೂ ಹುಡುಕಿ. ನಾವಿಕರ ಪಟ್ಟಿಯ ಮಾತು ಅದರಲ್ಲಿ ಇದ್ದೇ ಇದೆ ಅಂತ ನನಗನ್ನಿಸುತ್ತದೆ. ಓದಿ ನನಗೆ ಬರೆಯಿರಿ. ಫೋಟೋ ಸಾಕು, ಮೂಲ ಬೇಡ.